ಹುಲ್ಲುಗಾವಲಿನ ಎರಡನೆಯ ಗೇಟು

ಮಾರ್ಚ್ 4, ಮಂಗಳವಾರ

ಸಂಜೆ ಏಳೂವರೆ. ಇವತ್ತು ಅಂಗಡಿಗೆ ರಿಪೇರಿಗೆ ಬಂದದ್ದು ಎರಡು ಜೊತೆ ಹೀಲು, ಒಂದು ಶಾಲೆಯ ಚೀಲದ ಜಿಪ್ಪು, ಆಮೇಲೆ ಪೋಸ್ಟಮ್ಮನ ಬೂಟು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಲಿಲ್ಲ. ಹಸಿವಿರಲಿಲ್ಲ.

ಅಕ್ಕ ತೀರಿಕೊಂಡ ಮೇಲೆ ಬರೆಯಲು ಕೂತದ್ದು ಇದೇ ಮೊದಲು. ಅವಳ ಕೋಣೆಯ ಬಾಗಿಲು ಮುಚ್ಚಿದೆ. ನಾನೂ ತೆರೆಯುವುದಿಲ್ಲ, ಹೆಂಡತಿಯೂ ತೆರೆಯುವುದಿಲ್ಲ.

ಪೋಸ್ಟಮ್ಮ ಎಂದರೆ ನಮ್ಮ ಬೀದಿಗೆ ಟಪಾಲು ಹಂಚುವವರು. ವಾರವಿಡೀ ನಡೆದದ್ದು ಸಾಲದೆಂದು ಭಾನುವಾರ ಒಂದಿಷ್ಟು ಜನರನ್ನು ಕಟ್ಟಿಕೊಂಡು ಊರಾಚೆಯ ಕಾಲುದಾರಿಗಳಲ್ಲಿ ನಡೆಯುತ್ತಾರೆ. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ವಾರಕ್ಕೆ ಒಂದೇ ರಜೆ. ಅದನ್ನೂ ಮಲಗಿ ಕಳೆಯದೆ ಈ ಗುಂಪಿನ ಜೊತೆ ಹೋಗುತ್ತಿದ್ದಳು. ನಡಿಗೆ ನಿಧಾನ, ಹಾಗಾಗಿ ಯಾವಾಗಲೂ ಎಲ್ಲರಿಗಿಂತ ಹಿಂದೆ.

ಪೋಸ್ಟಮ್ಮ ಬೂಟು ಮೇಜಿನ ಮೇಲಿಟ್ಟು ಬೆಂಚಿನ ಮೇಲೆ ಕೂತರು.

"ಅಂಟು ಸಾಕಾ, ಹೊಲಿಗೇನೂ ಹಾಕ್ಲಾ?" ಎಂದೆ.

"ಎರಡೂ ಹಾಕಿ. ಈ ಬೂಟಿಗಿಂತ ಮೊದಲು ನಾನೇ ಹರಿದು ಹೋಗಬೇಕು, ಹಾಗೆ ಹಾಕಿ."

ಆಮೇಲೆ ಹೇಳಿದರು. ಅವರು ನಡೆಯುವ ದಾರಿಯೊಂದು ಒಬ್ಬ ಹೆಂಗಸಿನ ಕುರಿ ಮೇಯುವ ಹುಲ್ಲುಗಾವಲನ್ನು ಹಾದುಹೋಗುತ್ತದೆ. ಆಕೆ ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ. ಹೋದ ಭಾನುವಾರ ಗುಂಪು ಹಾದುಹೋದ ಮೇಲೆ ಗೇಟು ತೆರೆದೇ ಇತ್ತಂತೆ. ಕುರಿಗಳು ಪಕ್ಕದವರ ಎಲೆಕೋಸಿಗೆ ನುಗ್ಗಿವೆ. ಇನ್ನೊಂದು ಸಲ ಹೀಗಾದರೆ ದಾರಿ ಬಂದ್ ಎಂದಿದ್ದಾರೆ ಆಕೆ.

"ಗೇಟು ಬಿಟ್ಟವರು ಯಾರು ಅಂತ ಕೇಳಿದ್ರೆ ಎಲ್ಲರೂ ಹಿಂದೆ ತಿರುಗಿ ನೋಡಿದ್ರು. ಹಿಂದೆ ಯಾರಿದ್ದಾರೆ?" ಎಂದರು ಪೋಸ್ಟಮ್ಮ. "ಪ್ರತಿಯೊಬ್ಬರೂ ಮುಂದಿನವರಿಗೆ ಥ್ಯಾಂಕ್ಸ್ ಹೇಳಿ ಗೇಟು ಹಿಡ್ಕೊಂಡು, ಹಿಂದಿನವರಿಗೆ ಕೊಟ್ಟು ಹೋಗಿದ್ದಾರೆ. ಕೊನೆಯವರು ಗಾಳಿಗೆ ಕೊಟ್ಟು ಹೋದ್ರು. ನಿಮ್ಮಕ್ಕ ಇದ್ದಷ್ಟು ದಿನ ನಮಗೆ ಗೇಟಿನ ಯೋಚನೆನೇ ಇರಲಿಲ್ಲ ನೋಡಿ. ಅದು ತಾನಾಗೇ ಮುಚ್ಕೊಳ್ಳುತ್ತೆ ಅಂದ್ಕೊಂಡಿದ್ವಿ."

ನಾನು ದಬ್ಬಳಕ್ಕೆ ದಾರ ಪೋಣಿಸುತ್ತಿದ್ದೆ. ಪೋಣಿಸಲು ಬಹಳ ಹೊತ್ತು ಹಿಡಿಯಿತು.

ಮಾರ್ಚ್ 6, ಗುರುವಾರ

ಆ ದಾರಿಯ ಬಗ್ಗೆ ಅಕ್ಕ ಹೇಳುತ್ತಿದ್ದದ್ದು ನೆನಪಾಯಿತು. ಹುಲ್ಲುಗಾವಲು ದಾಟಿ ಗುಡ್ಡ ಹತ್ತಿದರೆ ಒಂದು ತಿರುವಿನಲ್ಲಿ ಚಪ್ಪಟೆ ಬಂಡೆ ಇದೆಯಂತೆ. "ಅಲ್ಲಿ ಕೂತ್ರೆ ಒಂದೇ ನದಿ ಮೂರು ಕಡೆ ಕಾಣುತ್ತೆ ಕಣೋ. ಬುತ್ತಿ ಬಿಚ್ಚೋದು ಅಲ್ಲೇ." ಭಾನುವಾರ ರಾತ್ರಿ ಪಾದಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಾ ಹೇಳುತ್ತಿದ್ದಳು.

ಆ ಬಂಡೆಯ ಮೇಲೆ ಒಂದು ಸಲ ಕೂರಬೇಕು. ಬೇರೇನೂ ಬೇಡ.

ಪೋಸ್ಟಮ್ಮನಿಗೆ ಬಂಡೆಯ ವಿಷಯ ಹೇಳಿ, ನಾನೂ ಬರುತ್ತೇನೆ, ಹಿಂದೆ ನಡೆಯುತ್ತೇನೆ ಎಂದೆ. "ಗೇಟು ನಾನು ನೋಡ್ಕೋತೀನಿ."

ಮಾರ್ಚ್ 8, ಶನಿವಾರ

ಪೋಸ್ಟಮ್ಮ ಸಂಜೆ ಮನೆಗೇ ಬಂದು ನನ್ನ ಬೆನ್ನುಚೀಲವನ್ನು ಊಟದ ಮೇಜಿನ ಮೇಲೆ ಸುರಿದು ನೋಡಿದರು. ಪರೀಕ್ಷೆಗೆ ಕೂತ ಹಾಗಾಯಿತು. ಛತ್ರಿಯನ್ನು ಪಕ್ಕಕ್ಕಿಟ್ಟರು: ಬೆಟ್ಟದ ಗಾಳಿಗೆ ಛತ್ರಿ ಹಿಡಿದರೆ ಛತ್ರಿಯೇ ನಮ್ಮನ್ನು ಹಿಡಿದುಕೊಂಡು ಹೋಗುತ್ತದಂತೆ. ಬದಲಿಗೆ ಟೊಪ್ಪಿಯಿರುವ ಮಳೆಯಂಗಿ. ನೀರಿನ ಬಾಟಲಿ ಒಂದಿದ್ದದ್ದು ಎರಡಾಯಿತು. ಒಂದು ಸೀಟಿ ಕೊಟ್ಟರು. ದಾರಿ ತಪ್ಪಿದರೆ ಕೂಗಿ ಗಂಟಲು ಹರಿದುಕೊಳ್ಳಬಾರದು, ನಿಂತಲ್ಲೇ ನಿಂತು ಊದಬೇಕು. ಒಂದು ಖಾಲಿ ಚೀಲವನ್ನೂ ಮಡಚಿಟ್ಟರು, ಕಸಕ್ಕೆ. ಕಿತ್ತಳೆ ಸಿಪ್ಪೆಯೂ ವಾಪಸ್ ಬರಬೇಕು.

"ಸಿಪ್ಪೆ ಮಣ್ಣಾಗಲ್ವಾ?" ಎಂದೆ.

"ಆಗುತ್ತೆ. ಆಗೋವರೆಗೂ ಅದನ್ನ ನೋಡ್ಕೊಂಡು ಹೋಗೋರು ಏನು ಪಾಪ ಮಾಡಿದ್ದಾರೆ?"

ಹೆಂಡತಿಗೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂಬುದನ್ನು ಹೇಳಿದರು. ಕತ್ತಲಾದರೂ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕೆಂದೂ ಹೇಳಿದರು.

"ಅಂಗಡಿಯಿಂದ ಮನೆಗೆ ಬರೋಕೆ ಬಸ್ ಹುಡುಕೋ ಗಂಡಸು ಇವರು," ಎಂದಳು ಇವಳು. "ಮಧ್ಯಾಹ್ನಕ್ಕೇ ಬರ್ತಾರೆ ಬಿಡಿ. ಯಾರಾದ್ರೂ ಹೊತ್ಕೊಂಡು ಬರ್ತಾರೆ."

"ಹೊರೋಕಾಗದಿದ್ರೆ ಎಳ್ಕೊಂಡು ಬರೋಕೆ ನಮ್ಮಲ್ಲಿ ಹಲ್ಲಿನ ಡಾಕ್ಟ್ರಿದ್ದಾರೆ. ಎಳೆಯೋದು ಅವರಿಗೆ ಅಭ್ಯಾಸ."

ಇವಳು ನಕ್ಕಳು. ಈ ಮನೆಯಲ್ಲಿ ಆ ಸದ್ದು ಕೇಳಿ ಎಷ್ಟು ದಿನವಾಗಿತ್ತೋ.

ಗಿರಾಕಿಯೊಬ್ಬರು ಬಿಟ್ಟುಹೋದ ಒಂದು ಜೊತೆ ಬೂಟು ಅಂಗಡಿಯಲ್ಲಿ ಬಹಳ ದಿನದಿಂದ ಇತ್ತು. ನಾಳೆಗೆಂದು ಹೊಸ ಅಟ್ಟೆ ಹಾಕಿ ಇಟ್ಟಿದ್ದೇನೆ. ಒಳ್ಳೆಯ ಚರ್ಮ.

ಮಾರ್ಚ್ 9, ಭಾನುವಾರ

ಕಾಲು ಬಿಸಿನೀರಿನಲ್ಲಿಟ್ಟು ಬರೆಯುತ್ತಿದ್ದೇನೆ. ಹೊಸ ಅಟ್ಟೆಯ ಬೂಟನ್ನು ಮನೆಯೊಳಗೆ ನಾಲ್ಕು ದಿನ ಹಾಕಿ ಪಳಗಿಸಿ ಎಂದು ಗಿರಾಕಿಗಳಿಗೆ ಹೇಳುವವನು ನಾನು. ನನಗೆ ಹೇಳುವವರಿರಲಿಲ್ಲ. ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ.

ಆದರೂ ಬರೆಯಬೇಕಾದದ್ದು ಬೇರೆ. ಈ ಜನ ಹೇಗೆ ನಡೆಯುತ್ತಾರೆ ಎಂಬುದನ್ನು ಅಕ್ಕ ಹೇಳಿದ್ದಳೋ ಇಲ್ಲವೋ, ನಾನಂತೂ ಹೀಗಿರುತ್ತದೆ ಅಂದುಕೊಂಡಿರಲಿಲ್ಲ. ಬಸ್ಸಿನಲ್ಲಿ ಅಷ್ಟು ಗಲಾಟೆ ಮಾಡಿದವರು ಹೊಲದ ಅಂಚಿಗೆ ಬಂದ ಕೂಡಲೇ ಸಾಲಾಗಿ, ಒಬ್ಬರ ಹಿಂದೆ ಒಬ್ಬರು. ಪೈರು ತುಳಿಯಬಾರದು. ಒಂದು ಕಡೆ ದಾರಿಯ ತುಂಬ ಕೆಸರು. ನಾನು ಬೂಟಿನ ಮೇಲಿನ ಪ್ರೀತಿಯಿಂದ ಪಕ್ಕದ ಹುಲ್ಲಿಗೆ ಇಳಿದೆ. ಮುಂದಿದ್ದ ಬೇಕರಿಯವರು ತಿರುಗಿ, "ಅಲ್ಲಿ ಬೇಡ ಸ್ವಾಮಿ, ಕೆಸರಲ್ಲೇ ಬನ್ನಿ," ಎಂದರು. ಒಬ್ಬೊಬ್ಬರೂ ಪಕ್ಕಕ್ಕೆ ಇಳಿದರೆ ಕಾಲುದಾರಿ ಗಾಡಿದಾರಿಯಾಗುತ್ತದೆ, ಹೊಲ ಅಷ್ಟಷ್ಟೇ ಸವೆಯುತ್ತದೆ.

"ಬೂಟು ಕೆಡುತ್ತಲ್ಲ."

"ಕೆಟ್ರೆ ನಿಮ್ಮ ಅಂಗಡಿಗೇ ತಾನೇ ಬರೋದು? ವ್ಯಾಪಾರಾನೂ ಗೊತ್ತಿಲ್ವಲ್ಲ ನಿಮಗೆ."

ಹಕ್ಕಿಯೊಂದು ಪೊದೆಯಲ್ಲಿ ಗೂಡು ಕಟ್ಟುತ್ತಿತ್ತು. ಮುಂದಿನವರು ಕೈಯೆತ್ತಿದ್ದೇ ತಡ ಅಷ್ಟೂ ಜನ ಬಾಯಿ ಮುಚ್ಚಿ ದಾಟಿದರು. ಹಲ್ಲಿನ ಡಾಕ್ಟರು ಕೂಡ. ಅವರು ಉಸಿರು ತೆಗೆದುಕೊಳ್ಳಲು ಮಾತ್ರ ಮಾತು ನಿಲ್ಲಿಸುವವರು.

ಹುಲ್ಲುಗಾವಲಿನ ಮೊದಲ ಗೇಟು ಮುಚ್ಚಿತ್ತು. ಎಲ್ಲರೂ ದಾಟಿದ ಮೇಲೆ ಮುಚ್ಚಿದೆ, ಚಿಲಕ ಎರಡು ಸಲ ಎಳೆದು ನೋಡಿದೆ. ಹುಲ್ಲುಗಾವಲಿನ ನಡುವೆ ಅಡ್ಡಕ್ಕೆ ಒಂದು ಬೇಲಿ, ಅದರಲ್ಲಿ ಎರಡನೆಯ ಗೇಟು. ಅದನ್ನು ಯಾರೋ ಹಗ್ಗದಿಂದ ಕಂಬಕ್ಕೆ ಕಟ್ಟಿ, ತೆರೆದೇ ಬಿಟ್ಟು ಹೋಗಿದ್ದರು. ಹಗ್ಗ ಬಿಚ್ಚಿ ಅದನ್ನೂ ಮುಚ್ಚಿದೆ. ಅಕ್ಕ ನೋಡಿದ್ದರೆ ಮೆಚ್ಚಿಕೊಳ್ಳುತ್ತಿದ್ದಳು ಅನ್ನಿಸಿತು.

ಅದಾಗಿ ಸ್ವಲ್ಪ ದೂರಕ್ಕೇ ಬೊಬ್ಬೆ ಒಡೆಯಿತು. ಗುಡ್ಡ ಹತ್ತಲಾಗಲಿಲ್ಲ. ಡಾಕ್ಟರು ಪಟ್ಟಿ ಅಂಟಿಸಿ, ನನ್ನ ಜೊತೆ ಇನ್ನೊಂದು ಬದಿಯ ರಸ್ತೆಗೆ ಇಳಿದು ಬಸ್ಸಿನವರೆಗೂ ಬಂದರು. ನನ್ನಿಂದ ಅವರ ಭಾನುವಾರದ ನಡಿಗೆ ತಪ್ಪಿತು. ಒಂದು ಮಾತಿನಲ್ಲೂ ಬೇಸರ ತೋರಿಸಲಿಲ್ಲ.

ಬಂಡೆ ಕಾಣಲಿಲ್ಲ. ಬರುವ ವಾರ.

ಮಾರ್ಚ್ 11, ಮಂಗಳವಾರ

ಪೋಸ್ಟಮ್ಮ ಟಪಾಲಿನ ಚೀಲ ಹೆಗಲಲ್ಲಿರುವಾಗಲೇ ಅಂಗಡಿಗೆ ಬಂದರು. ಕೂರಲಿಲ್ಲ.

ಆ ಎರಡನೆಯ ಗೇಟನ್ನು ಹುಲ್ಲುಗಾವಲಿನ ಒಡತಿ ಕುರಿಯಮ್ಮ ತೆರೆದಿಟ್ಟದ್ದು ಬೇಕೆಂದೇ. ಬೇಲಿಯ ಈಚೆ ಮೇವು, ಆಚೆ ನೀರಿನ ಹೊಂಡ. ಭಾನುವಾರದ ಆ ಬಿಸಿಲಲ್ಲಿ ಮಂದೆಯೆಲ್ಲ ಮುಚ್ಚಿದ ಗೇಟಿಗೆ ಮುಖ ಒತ್ತಿಕೊಂಡು ಸಂಜೆಯವರೆಗೂ ನಿಂತಿತ್ತಂತೆ. ಗಬ್ಬದ ಕುರಿಯೊಂದು ನೀರಿಲ್ಲದೆ ಕುಸಿದು ಬಿದ್ದಿದೆ. ಆಕೆ ಪೇಟೆಯಿಂದ ಬಂದು ನೋಡಿದ್ದು ಆಮೇಲೆ. ಮೊದಲ ಗೇಟಿಗೆ ಈಗ ಸರಪಳಿ, ಬೀಗ.

"ಮುಚ್ಚಿದ್ದು ನಾನು," ಎಂದೆ.

"ಗೊತ್ತು."

"ಅವರಿಗೆ ಹೇಳಿದ್ರಾ?"

"ನಮ್ಮ ಗುಂಪು, ತಪ್ಪು ನಂದು ಅಂದೆ. ನಂದೇ. ನಿಮ್ಮ ಚೀಲ ನೋಡಿದೆ, ನೀರು ನೋಡಿದೆ, ಗೇಟು ಕಂಡ ಹಾಗೇ ಬಿಡಬೇಕು ಅನ್ನೋದನ್ನ ಹೇಳೋಕೆ ಮರೆತೆ. ತೆರೆದಿದ್ರೆ ತೆರೆದ ಹಾಗೆ, ಮುಚ್ಚಿದ್ರೆ ಮುಚ್ಚಿದ ಹಾಗೆ. ನಿಮ್ಮಕ್ಕನ ತಮ್ಮ ಅಲ್ವಾ, ಗೊತ್ತಿರುತ್ತೆ ಅಂದ್ಕೊಂಡೆ."

ನನ್ನ ಮೇಲೆ ಒಂದು ಕಡುಮಾತೂ ಆಡದೆ ಹೋದರು. ಬೀದಿಯ ಕೊನೆಯವರೆಗೂ ನೋಡುತ್ತಿದ್ದೆ. ಒಂದು ಮನೆಯನ್ನೂ ಬಿಡದೆ ಟಪಾಲು ಹಾಕುತ್ತಾ ಹೋದರು.

ಮಾರ್ಚ್ 12, ಬುಧವಾರ

ಅಂಗಡಿ ತೆರೆದೆ. ಕೆಲಸ ಮಾಡಲಿಲ್ಲ.

ಮಾರ್ಚ್ 13, ಗುರುವಾರ

ಬೆಳಗ್ಗಿನ ಬಸ್ಸಿಗೆ ಕುರಿಯಮ್ಮನ ಮನೆಗೆ ಹೋಗಿ ಬಂದೆ. ಹೆಂಡತಿ ಜೊತೆಗೆ ಬರುತ್ತೇನೆ ಅಂದಳು. ಬೇಡ ಅಂದೆ.

ಆಕೆ ಕೊಟ್ಟಿಗೆಯಲ್ಲಿದ್ದರು. ನನ್ನ ಅಮ್ಮನ ವಯಸ್ಸಿರಬೇಕು. ಕಂಬಳಿ ಹೊದಿಸಿದ ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಏನೋ ಕುಡಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, ಗೇಟು ಮುಚ್ಚಿದವನು ನಾನು, ಪೋಸ್ಟಮ್ಮನ ತಪ್ಪಿಲ್ಲ ಎಂದೆ.

ತಲೆಯೆತ್ತಲಿಲ್ಲ. "ಆ ಬಕೆಟ್ ತಗೊಂಡು ನೀರು ತುಂಬ್ಕೊಂಡು ಬಾ."

ತಂದೆ. ಇನ್ನೊಂದು ಎಂದರು. ಅದನ್ನೂ ತಂದೆ. ಆಮೇಲೆ ಮಾತಾಡಿದರು.

"ಏನಪ್ಪ, ಹಗ್ಗದಲ್ಲಿ ಕಟ್ಟಿತ್ತಲ್ಲ, ಅದೇನು ತಾನಾಗೇ ಕಟ್ಕೊಂಡಿತ್ತಾ?"

"ಯಾರೋ ಬಿಟ್ಟು ಹೋಗಿದ್ದಾರೆ ಅಂದ್ಕೊಂಡೆ."

"ಯಾರೋ ಅಲ್ಲ, ನಾನು. ನೀನು ಬರೋಕೆ ಮುಂಚೆ ಅಲ್ಲೊಬ್ಬಳು ಇದ್ದಾಳೆ, ಅವಳಿಗೂ ಒಂದು ತಲೆ ಇದೆ. ಗೇಟು ಹೇಗಿದೆಯೋ ಹಾಗಿದ್ದರೆ ಅದು ಅವಳ ಮಾತು ಅಂತ ಅರ್ಥ."

ಮೊದಲೆಲ್ಲ ಗುಂಪಿನ ಕೊನೆಯಲ್ಲಿ ನಡೆಯುತ್ತಿದ್ದವಳು ನನ್ನ ಅಕ್ಕ ಎಂದೆ. ಆಗ ಮೊದಲ ಸಲ ನನ್ನ ಮುಖ ನೋಡಿದರು.

"ಬಿಳಿ ಟವೆಲ್ ತಲೆಗೆ ಸುತ್ಕೋತಿದ್ದಳಲ್ಲ, ಅವಳಾ? ಒಂದ್ಸಲ ಗಾಳಿಗೆ ಗೇಟು ಅರ್ಧ ತೆರೆದಿತ್ತು. ಅಷ್ಟು ದೂರದಿಂದ ಮನೆವರೆಗೂ ನಡ್ಕೊಂಡು ಬಂದಳು, ಇದು ತೆರೆದಿರಬೇಕಾ ಮುಚ್ಚಿರಬೇಕಾ ಅಂತ ಕೇಳೋಕೆ. ಜೊತೆಗಿದ್ದವರೆಲ್ಲ ಬಿಟ್ಟು ಹೋಗಿದ್ದರು. ಒಬ್ಬಳೇ ವಾಪಸ್ ಹೋದಳು." ಜಾರಿದ ಕಂಬಳಿಯನ್ನು ಕುರಿಯ ಮೇಲೆ ಎಳೆದು, "ಬರೋದು ನಿಲ್ಲಿಸಿದ್ದಾಳೆ ಅಂದ್ಕೊಂಡೆ. ಸತ್ತಳಾ?" ಎಂದರು.

ನಾನು ಹೂಂ ಎಂದೆ. ಆಕೆ ಚಮಚ ಕೆಳಗಿಟ್ಟರು. ಆ ಕೊಟ್ಟಿಗೆಯಲ್ಲಿ ನಾನು ಅತ್ತೆ. ಆಸ್ಪತ್ರೆಯಲ್ಲಿ ಅಳಲಿಲ್ಲ, ಮನೆಯಲ್ಲಿ ಅಳಲಿಲ್ಲ. ಆಕೆ ಸಮಾಧಾನ ಮಾಡಲು ಬರಲಿಲ್ಲ. ಕುರಿಯ ಕುತ್ತಿಗೆ ನೀವುತ್ತಾ ಕೂತಿದ್ದರು. ಅದು ಒಳ್ಳೆಯದಾಯಿತು.

ಬೀಗ ತೆಗೆಯುತ್ತೀರಾ ಎಂದು ಕೇಳಲು ಹೋದವನು, ಕೇಳದೆ ಬಂದೆ.

ಮಾರ್ಚ್ 16, ಭಾನುವಾರ

ನಡಿಗೆಗೆ ಹೋಗಲಿಲ್ಲ. ಕುರಿಯಮ್ಮನ ಮನೆಗೆ ಹೋಗಿ ಹೊಂಡದಿಂದ ಕೊಟ್ಟಿಗೆಗೆ ನೀರು ಹೊತ್ತೆ. ಕರೆದಿರಲಿಲ್ಲ. ಬೇಡವೆಂದೂ ಅನ್ನಲಿಲ್ಲ. ಆ ಕುರಿ ಎದ್ದು ನಿಂತಿದೆ. ಆಕೆ ಕುರಿಗಳ ನಡುವೆ ನಡೆಯುವುದನ್ನು ನೋಡುತ್ತಿದ್ದೆ. ಒಂದೂ ಬೆಚ್ಚುವುದಿಲ್ಲ. ನಾನು ಹೆಜ್ಜೆ ಇಟ್ಟರೆ ಮಂದೆಗೆ ಮಂದೆಯೇ ಸರಿಯುತ್ತದೆ. "ಅವಸರ ನಿನ್ನ ಕಾಲಲ್ಲಿಲ್ಲ, ಮೈಯಲ್ಲಿದೆ," ಎಂದರು. ಮನೆಗೆ ಬಂದು ಬಹಳ ಹೊತ್ತು ಅದನ್ನೇ ಯೋಚಿಸಿದೆ.

ಮಾರ್ಚ್ 23, ಭಾನುವಾರ

ಗುಂಪಿನ ಜೊತೆ ನಡೆದೆ, ಕಾಲುವೆಯ ದಡದಲ್ಲಿ. ಹೊರಡುವ ಮೊದಲು ದಪ್ಪ ಕಾಲುಚೀಲ ಬೇಕಾಗಿತ್ತು. ಅಕ್ಕನ ಕೋಣೆಯ ಕಪಾಟಿನಲ್ಲಿ ಇತ್ತು, ತೆಗೆದು ಹಾಕಿಕೊಂಡೆ. ಬೂಟು ಈಗ ಪಳಗಿದೆ.

ದಾರಿಯಲ್ಲಿ ಯಾರದೋ ನಾಯಿ ಹಗ್ಗವಿಲ್ಲದೆ ಬಾತುಕೋಳಿಗಳ ಕಡೆ ಓಡಿತು. ಪೋಸ್ಟಮ್ಮ ಅದರ ಯಜಮಾನನಿಗೆ, "ಏನು ಚೆಂದದ ನಾಯಿ ಸಾರ್, ಎಷ್ಟು ಚುರುಕು. ಹಗ್ಗ ಮನೇಲಿ ಮರೆತು ಬಂದಿರಾ? ತಗೊಳ್ಳಿ, ನನ್ನ ಹತ್ರ ಒಂದಿದೆ," ಎಂದು ಚೀಲದಿಂದ ತೆಗೆದು ಕೈಗಿಟ್ಟೇ ಬಿಟ್ಟರು. ಆ ಮನುಷ್ಯನಿಗೆ ಸಿಟ್ಟಾಗಲೂ ಜಾಗವಿರಲಿಲ್ಲ. ಪೋಸ್ಟಮ್ಮ ನಾಯಿ ಸಾಕಿಲ್ಲ. ಹಗ್ಗ ಮಾತ್ರ ಇಟ್ಟುಕೊಂಡಿರುತ್ತಾರೆ. ಎಂಥ ಹೆಂಗಸು.

ಡಾಕ್ಟರು ಕೆಸರು ತಪ್ಪಿಸಲು ಹುಲ್ಲಿಗೆ ಇಳಿದರು. "ಅಲ್ಲಿ ಬೇಡ ಡಾಕ್ಟ್ರೇ, ಕೆಸರಲ್ಲೇ ಬನ್ನಿ, ಬೂಟಿಗೆ ನಾನಿದ್ದೀನಿ," ಎಂದೆ. ಬೇಕರಿಯವರು ನಕ್ಕು ನಕ್ಕು ಕೆಸರಿಗೇ ಬೀಳಲಿದ್ದರು.

ಊಟದ ಹೊತ್ತಿಗೆ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಬಾತುಕೋಳಿ, ಹಗ್ಗ, ಡಾಕ್ಟರು. ಅವಳು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಮೀಸೆಗೆ ಏನೋ ಅಂಟಿರಬೇಕೆಂದು ಒರೆಸಿಕೊಂಡೆ.

ಮಾರ್ಚ್ 27, ಗುರುವಾರ

ಪೋಸ್ಟಮ್ಮನ ಕೈಯಲ್ಲಿ ಕುರಿಯಮ್ಮ ಹೇಳಿಕಳಿಸಿದ್ದಾರೆ. ಆ ಕುರಿ ಈದಿದೆ. ಹೊಟ್ಟೆಯಲ್ಲಿ ಎರಡಿದ್ದವು, ಒಂದು ಉಳಿಯಿತು. ಶನಿವಾರ ಬರಬೇಕಂತೆ.

ಒಂದು ಉಳಿಯಿತು. ಇನ್ನೊಂದು ನನ್ನ ಲೆಕ್ಕಕ್ಕೆ.

ಮಾರ್ಚ್ 29, ಶನಿವಾರ

ಸಂಜೆ ಆರು. ಈಗಷ್ಟೇ ಬೇಕರಿಯಿಂದ ಬಂದೆ. ಮೊದಲಿನಿಂದ ಬರೆಯುತ್ತೇನೆ.

ಕುರಿಯಮ್ಮ ಅಂಗಳದಲ್ಲಿ ಹುಲ್ಲಿನ ಕಂತೆ ಬಿಚ್ಚುತ್ತಿದ್ದರು. ಮರಿಯನ್ನು ತೋರಿಸಿದರು. ಕಾಲುಗಳೇ ಉದ್ದ, ಮಿಕ್ಕದ್ದು ಇನ್ನೂ ಬೆಳೆಯಬೇಕು. ಸತ್ತ ಮರಿಯ ಮಾತು ನಾನು ತೆಗೆದಾಗ, "ಅದು ಆಯ್ತು. ಅದನ್ನ ಹೊತ್ಕೊಂಡು ತಿರುಗಬೇಡ, ನೀರು ಹೊತ್ತೆಯಲ್ಲ, ಸಾಕು," ಎಂದರು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದುಕೊಟ್ಟರು.

"ಟಪಾಲಿನವಳು ಹೇಳಿದಳು, ನಿಮ್ಮಕ್ಕ ಕೂರ್ತಿದ್ದ ಬಂಡೆ ನೋಡಬೇಕಂತೆ ನಿನಗೆ. ನೀನೊಬ್ಬ ಹೋಗಿ ಬಾ. ಬೇರೆಯವರು ಬೇಡ."

ಮೊದಲ ಗೇಟು ಬೀಗ ತೆಗೆದು ದಾಟಿ, ಮತ್ತೆ ಬೀಗ ಹಾಕಿದೆ. ಎರಡನೆಯದು ತೆರೆದಿತ್ತು, ಹಗ್ಗದಲ್ಲಿ ಕಟ್ಟಿತ್ತು. ಮುಟ್ಟಲಿಲ್ಲ. ಮೈಯಲ್ಲಿ ಅವಸರ ಇಲ್ಲದ ಹಾಗೆ ನಡೆಯಲು ನೋಡಿದೆ. ಕುರಿಗಳು ತಲೆಯೆತ್ತಿದವು, ಓಡಲಿಲ್ಲ.

ಗುಡ್ಡದ ಬುಡದಲ್ಲಿ ದಾರಿ ಕಿರಿದಾಗುತ್ತದೆ. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಮುಳ್ಳುಪೊದೆ. ಸರಿಯಾಗಿ ಅಲ್ಲೇ ಒಂದು ಕುರಿ ಮಲಗಿತ್ತು. ಕತ್ತು ನೀಳವಾಗಿ ಚಾಚಿ, ಹೊಟ್ಟೆ ಎಳೆದು ಬಿಡುತ್ತಿತ್ತು. ಈಯುತ್ತಿತ್ತು. ಪೊದೆಯ ನೆರಳಲ್ಲಿ ಇನ್ನೆರಡು, ಪಕ್ಕದಲ್ಲಿ ಒದ್ದೆ ಮರಿಗಳು.

ಮೇಲೆ ತಿರುವಿನಲ್ಲಿ ಬಂಡೆ ಕಾಣುತ್ತಿತ್ತು. ಅಂಗೈಯಷ್ಟು. ಪೊದೆಯ ಆಚೆಯಿಂದ ಸುತ್ತಿಹೋದರೆ ಬೀಡಿ ಸೇದಿ ಮುಗಿಸುವಷ್ಟರಲ್ಲಿ ತಲುಪಬಹುದು. ಆ ಮರಿಗಳು ಎದ್ದು ಚೆದುರುತ್ತಿದ್ದವು, ಅಷ್ಟೆ. ತಾಯಿ ಮತ್ತೆ ಹುಡುಕಿಕೊಳ್ಳುತ್ತಿತ್ತೋ ಏನೋ.

ಕುರಿ ನನ್ನನ್ನು ನೋಡಿತು. ಏಳಲು ಮುಂದಿನ ಕಾಲು ಊರಿತು. ನಾನು ಹಿಂದೆ ಸರಿದೆ. ಅದು ಕಾಲು ಮಡಚಿತು. ಇನ್ನಷ್ಟು ಹಿಂದೆ ಸರಿದು, ಅದಕ್ಕೆ ಕಾಣದಷ್ಟು ದೂರ ಬಂದ ಮೇಲೆ ತಿರುಗಿ ನಡೆದೆ.

ಕುರಿಯಮ್ಮ ಇನ್ನೂ ಹುಲ್ಲಿನಲ್ಲೇ ಇದ್ದರು. "ಇಷ್ಟು ಬೇಗ? ನದಿ ಕಾಣ್ತಾ?"

"ಇಲ್ಲಮ್ಮ. ದಾರೀಲಿ ಕುರಿ ಈಯ್ತಾ ಇತ್ತು."

"ಸುತ್ತಿ ಹೋಗಬಹುದಿತ್ತಲ್ಲ?"

"ಹೋಗಬಹುದಿತ್ತು."

ಆಕೆ ಸೊಂಟ ನೆಟ್ಟಗೆ ಮಾಡಿಕೊಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಸಂತೆಯಲ್ಲಿ ಕುರಿ ನೋಡುವ ಹಾಗೆ. "ನಿಮ್ಮವರಿಗೆ ಹೇಳು. ನಾಳೆಯಿಂದ ಬರಬಹುದು. ಸರಪಳಿ ತೆಗೀತೀನಿ."

ಮೂರು ವಾರದಿಂದ ಇದೇ ಮಾತಿಗೆ ಕಾಯುತ್ತಿದ್ದೆ. ಆದರೆ ಬಾಯಿಗೆ ಬಂದದ್ದು ಬೇರೆ. "ಈಗ ಬೇಡಮ್ಮ. ಎಲ್ಲ ಈದು, ಮರಿಗಳು ಕಾಲೂರಿ ಓಡಾಡೋವರೆಗೂ ಬೇಡ. ಅಷ್ಟು ಜನ ಬಂದ್ರೆ ಇವು ಏಳ್ತವೆ."

"ಮುಂಗಾರು ಬರುತ್ತೆ ಅಷ್ಟರಲ್ಲಿ."

"ಬರಲಿ."

ಆಕೆ ಒಳಗೆ ಹೋಗಿ ಒಂದು ಲೋಟ ಹಾಲು ತಂದು ಕೊಟ್ಟರು. ಬಿಸಿಯಿತ್ತು.

ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ನಡುವೆ, ಗುಂಪು ನಾಳೆಯ ದಾರಿ ಗೊತ್ತು ಮಾಡಲು ಸೇರಿತ್ತು. ಹೇಳಿದೆ. ಡಾಕ್ಟರಿಗೆ ಬೇಜಾರಾಯಿತು. "ಬರ್ಬೋದು ಅಂತ ಅವರೇ ಹೇಳಿದ ಮೇಲೆ ನೀವ್ಯಾಕ್ರೀ ಬೇಡ ಅಂದ್ರಿ? ನಾವೇನು ಕುರಿ ತುಳೀತೀವಾ?" ನಾನು ಅವರಿಗೆ ಆ ಕುರಿ ಕಾಲು ಊರಿದ್ದನ್ನು, ಮಡಚಿದ್ದನ್ನು ಹೇಳಿದೆ. ಒದ್ದೆ ಮರಿಗಳನ್ನು ಹೇಳಿದೆ. ಉಳಿಯದ ಮರಿಯನ್ನು ಹೇಳಿದೆ. ಎಷ್ಟು ಹೊತ್ತು ಮಾತಾಡಿದೆನೋ, ಬೇಕರಿಯವರ ಒಲೆಯಲ್ಲಿ ಬನ್ನು ಕರಟಿದ ವಾಸನೆ ಬಂದ ಮೇಲೇ ಎಲ್ಲರೂ ಎದ್ದದ್ದು.

"ಈ ಮನುಷ್ಯ ಮೂಗ ಅಂತ ಯಾರಪ್ಪ ಹೇಳಿದ್ದು," ಎಂದರು ಬೇಕರಿಯವರು, ಕರಟಿದ ತಟ್ಟೆ ಹಿಡಿದು. ಡಾಕ್ಟರು ತಮ್ಮ ಪಾಲಿಗೆ ಕರಟಿದ್ದನ್ನೇ ಆರಿಸಿಕೊಂಡು ತಿಂದು, "ಸರಿ, ಮುಂಗಾರಾದ ಮೇಲೆ ಹೋಗೋಣ," ಎಂದರು. ದೊಡ್ಡ ಮನಸ್ಸು ಅವರದು.

ಪೋಸ್ಟಮ್ಮ ಹೊರಡುವಾಗ, "ನಾಳೆ ನೀವು ಮುಂದೆ ನಡೀತೀರಾ?" ಎಂದರು. ಇಲ್ಲ, ಹಿಂದೆಯೇ, ಎಂದೆ.

ನಾಳೆ ಮತ್ತೆ ಕಾಲುವೆ ದಾರಿ. ಅಲ್ಲಿ ಗೇಟುಗಳಿಲ್ಲ. ಬಸ್ಸು ಆರೂವರೆಗೆ. ಹೆಂಡತಿ ಬರುತ್ತಾಳಂತೆ.